ಸಂಡೇ ಬಜಾರಿನಲ್ಲಿ ಪ್ಲಗ್ ಪಾಯಿಂಟ್ ಇರುವುದಿಲ್ಲ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಹಳೇ ವೀಡಿಯೊ ಗೇಮ್ ಹುಡುಕುವವರು ಮೊದಲು ಕಲಿಯಬೇಕಾದದ್ದು ಕರೆಂಟಿಲ್ಲದೆ ಪರೀಕ್ಷೆ ಮಾಡುವುದನ್ನು. ಟಾರ್ಪಾಲಿನ ಮೇಲೆ ಮಿಕ್ಸಿ ಜಾರು, ಚಾರ್ಜರು, ರಿಮೋಟುಗಳ ನಡುವೆ ಗೇಮ್ ಸೆಟ್ಟು ಬಿದ್ದಿರುತ್ತದೆ. "ವರ್ಕಿಂಗ್ ಇದೆ ಸಾರ್, ಮನೇಲಿ ಹಾಕ್ ನೋಡಿ" ಎನ್ನುವುದಷ್ಟೇ ಗ್ಯಾರಂಟಿ. ಹಾಗಾಗಿ ಚೀಲದಲ್ಲಿ ಇಷ್ಟಾದರೂ ಇರಬೇಕು: ನಿಂಟೆಂಡೊ ತಿರುಪುಗಳಿಗೆ 3.8 ಮತ್ತು 4.5 ಮಿ.ಮೀ. ಗೇಮ್‌ಬಿಟ್, ಮೂರು ರೆಕ್ಕೆಯ ಟ್ರೈವಿಂಗ್, ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್, ಸಣ್ಣ ಟಾರ್ಚು, ನಾಲ್ಕು ಎಎ ಸೆಲ್ಲು. ಸೆಲ್ಲು ಯಾಕೆಂದರೆ ಅಲ್ಲೇ ಆನ್ ಮಾಡಿ ನೋಡಲು ಬರುವುದು ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಜಾತಿಯವು ಮಾತ್ರ. 1989ರ ಮೊದಲ ಗೇಮ್ ಬಾಯ್‌ಗೆ ನಾಲ್ಕು ಸೆಲ್ಲು, ಆಮೇಲಿನ ಗೇಮ್ ಬಾಯ್ ಅಡ್ವಾನ್ಸ್‌ಗೆ ಎರಡು.

ಆ ಭಾನುವಾರ ಬೆಳಗ್ಗೆ ಸಿಕ್ಕ ಲಾಟಿನಲ್ಲಿದ್ದದ್ದು ಒಂದು 60 ಪಿನ್ನಿನ ನಕಲು ಸೆಟ್ಟು, ಟಿವಿಗೆ ಗುರಿಯಿಟ್ಟು ಆಡುವ ಅದರ ಗನ್ನು, ಒಂದು ಹಿಡಿ ಕ್ಯಾಸೆಟ್ಟು, ಗೇಮ್ ಬಾಯ್ ಅಡ್ವಾನ್ಸ್‌ನ ಎರಡು ಕ್ಯಾಸೆಟ್ಟು, ಮತ್ತೆ ಒಂದು ದಪ್ಪ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2). ಹೇಳಿದ ಬೆಲೆ ₹4,000.

ನಕಲು ಸೆಟ್ಟನ್ನು ಕೀಳಾಗಿ ನೋಡುವವರು ನಮ್ಮ ದೇಶದ ವೀಡಿಯೊ ಗೇಮ್ ಚರಿತ್ರೆಯನ್ನೇ ಬಿಟ್ಟುಬಿಡುತ್ತಾರೆ. ನಿಂಟೆಂಡೊದ ಎನ್‌ಇಎಸ್ ಸೆಟ್ಟು ಭಾರತದಲ್ಲಿ ಸಮುರಾಯ್ ಹೆಸರಿನಲ್ಲಿ ಬಂದಿತ್ತು ನಿಜ. ಮನೆಮನೆಗೆ ಹೊಕ್ಕಿದ್ದು ಮಾತ್ರ ಮೀಡಿಯಾ, ಲಿಟ್ಲ್ ಮಾಸ್ಟರ್‌ನಂಥ ನಕಲುಗಳು. ಇವು ಅದೇ ಎನ್‌ಇಎಸ್‌ನ ಜಪಾನಿ ರೂಪವಾದ 1983ರ ಫ್ಯಾಮಿಕಾಮ್‌ನ ಪ್ರತಿಗಳು, ಅದಕ್ಕೇ 60 ಪಿನ್ನು. ಅಮೆರಿಕದ ಎನ್‌ಇಎಸ್ ಕ್ಯಾಸೆಟ್ಟಿಗೆ 72. ಇವತ್ತು ಡಬ್ಬ, ಥರ್ಮೋಕೋಲು, ಇಬ್ಬರ ಜಾಯ್‌ಸ್ಟಿಕ್ಕು ಸಮೇತ ಸಿಕ್ಕಿದ ದೇಶೀ ನಕಲಿಗೆ ಕೊಳ್ಳುವವರಿದ್ದಾರೆ, ಯಾಕೆಂದರೆ ಸೆಟ್ಟನ್ನು ಅಟ್ಟಕ್ಕೆ ಹಾಕಿದವರು ಡಬ್ಬವನ್ನು ಬಿಸಾಡಿದ್ದಾರೆ.

ಸಂತೆಯಲ್ಲಿ ನೋಡುವ ಕ್ರಮ ಇಷ್ಟು. ಸೆಟ್ಟನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು: ಒಳಗೆ ಗಲಗಲ ಅಂದರೆ ತಿರುಪು ಬಿಚ್ಚಿ ಯಾರೋ ಕೈಯಾಡಿಸಿದ್ದಾರೆ. ಮೂಸಿ ನೋಡಬೇಕು. ಮೀನಿನ ವಾಸನೆ ಬಂದರೆ ಕೆಪಾಸಿಟರ್ ಸೋರಿದೆ; ಸೆಗಾ ಗೇಮ್ ಗೇರ್‌ನಲ್ಲಿ ಇದು ಮಾಮೂಲು, ಶಬ್ದ ಕ್ಷೀಣಿಸಿ ಪರದೆ ಮಂಕಾಗುವುದಕ್ಕೂ ಅದೇ ಕಾರಣ. ಸೆಲ್ಲಿನ ಮುಚ್ಚಳ ತೆಗೆದಾಗ ಸ್ಪ್ರಿಂಗಿನ ಮೇಲೆ ಹಸಿರು ಅಥವಾ ಬಿಳಿ ಹುಡಿ ಕಂಡರೆ ಬೆಲೆ ಅರ್ಧ. ಆಲ್ಕಲೈನ್ ಸೆಲ್ ಸೋರಿದ್ದಾದರೆ ವಿನೆಗರ್ ಅದ್ದಿದ ಹತ್ತಿ ಅದನ್ನು ಕರಗಿಸುತ್ತದೆ, ಆದರೆ ಸೋರಿದ್ದು ಬೋರ್ಡಿಗೆ ಇಳಿದಿದ್ದರೆ ಅದರ ತಾಮ್ರದ ಗೆರೆಗಳೇ ತಿಂದುಹೋಗಿರುತ್ತವೆ. ಮೊದಲ ಗೇಮ್ ಬಾಯ್‌ನ ಪರದೆಯಲ್ಲಿ ಉದ್ದುದ್ದಕ್ಕೆ ಗೆರೆ ಮಾಯವಾಗಿದ್ದರೆ ಹೆದರಬೇಕಿಲ್ಲ. ಪರದೆಯ ಕೆಳಗಿನ ರಿಬ್ಬನ್ನಿನ ಅಂಟು ಬಿಟ್ಟಿದೆ ಅಷ್ಟೆ. ಬೆಸುಗೆಯ ಬಿಸಿ ಕಬ್ಬಿಣವನ್ನು (ಸೋಲ್ಡರಿಂಗ್ ಐರನ್) ಅದರ ಮೇಲೆ ಹಗುರಕ್ಕೆ ಎಳೆದರೆ ಬಹುತೇಕ ಸರಿಹೋಗುತ್ತದೆ.

ಅಡ್ವಾನ್ಸ್‌ನ ಎರಡು ಕ್ಯಾಸೆಟ್ಟಿನ ಮೇಲೂ ಪೋಕೆಮಾನ್ ಎಮರಾಲ್ಡ್ ಎಂಬ ಆಟದ ಹೆಸರಿತ್ತು. ನಕಲಿ ಹಾವಳಿ ಹೆಚ್ಚಿರುವುದೇ ಇದರಲ್ಲಿ. ಟಾರ್ಚನ್ನು ಕ್ಯಾಸೆಟ್ಟಿನ ಕೆಳಬಾಯಿಗೆ ಹಿಡಿದರೆ ಬಂಗಾರದ ಪಿನ್ನುಗಳ ಮೇಲೆ ಬೋರ್ಡಿನಲ್ಲಿ ನಿಂಟೆಂಡೊ ಹೆಸರು ಕಾಣಬೇಕು. ಲೇಬಲ್ಲನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಬಲಭಾಗದಲ್ಲಿ ಒತ್ತಿದ ಎರಡಂಕಿಯ ಸಂಖ್ಯೆ ಇರಬೇಕು, ಕೆಲವಕ್ಕೆ ಪಕ್ಕದಲ್ಲೊಂದು ಅಕ್ಷರವೂ ಇರುತ್ತದೆ. ಅದು ಮುದ್ರಿಸಿದ್ದಲ್ಲ, ಅಚ್ಚು ಒತ್ತಿದ್ದು, ಉಗುರಿಗೆ ಸಿಗುತ್ತದೆ. ಎಮರಾಲ್ಡ್‌ನ ಪ್ಲಾಸ್ಟಿಕ್ಕು ಹಸಿರು, ಬೆಳಕಿಗೆ ಹಿಡಿದರೆ ಒಳಗಿನ ಬ್ಯಾಟರಿಯ ದುಂಡು ನೆರಳು ಕಾಣಬೇಕು. ಒಂದರಲ್ಲಿ ಎಲ್ಲವೂ ಇತ್ತು. ಇನ್ನೊಂದರಲ್ಲಿ ಬ್ಯಾಟರಿಯೂ ಇಲ್ಲ, ಹೆಸರೂ ಇಲ್ಲ, ಚಿಪ್ಪಿನ ಜಾಗದಲ್ಲಿ ಕಪ್ಪು ಎಪಾಕ್ಸಿ ಅಂಟಿನ ಗುಡ್ಡೆ. ಚೌಕಾಸಿಗೆ ಆಧಾರವಾದದ್ದು ಆ ಗುಡ್ಡೆಯೇ. "ಇದು ಡೂಪು ಗುರು" ಎಂದು ಟಾರ್ಚಿನಲ್ಲಿ ತೋರಿಸಿದ ಮೇಲೆ ಲಾಟು ₹2,600ಕ್ಕೆ ಇಳಿಯಿತು. ಅಸಲಿಯ ಬಗ್ಗೆ ತುಟಿ ಬಿಚ್ಚದಿರುವುದೂ ಈ ವ್ಯಾಪಾರದ ಭಾಗ. ಅದು ಸರಿಯೇ ಎಂದು ಕೇಳುವವರು ಸಂತೆಯ ಬದಲು ಅಂಗಡಿಗೆ ಹೋಗಿ ಅಂಗಡಿ ಬೆಲೆ ಕೊಡಬಹುದು.

ಭಾನುವಾರ ಎಸ್.ಪಿ. ರಸ್ತೆಯ ಬಹುತೇಕ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಆದ್ದರಿಂದ ಬಿಡಿಭಾಗ ಮನೆಯಲ್ಲೇ ಇರಬೇಕು: ಕರೆಂಟನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್, 1000 ಮೈಕ್ರೋಫ್ಯಾರಡ್ 16 ವೋಲ್ಟಿನ ಕೆಪಾಸಿಟರ್, ಡಿಸಿ ಜಾಕು, ಕಾಲು ಬೆಸೆದ ಸಿಆರ್1616, ಸಿಆರ್2025, ಸಿಆರ್2032 ಬ್ಯಾಟರಿಗಳು, 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲು.

ಸೆಟ್ಟಿಗೆ ಕರೆಂಟ್ ಕೊಡುವ ಮೊದಲು ಅಡಾಪ್ಟರಿನ ಜಾತಕ ನೋಡಬೇಕು. ಅಸಲಿ ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ಒಳಪಿನ್ನು ಮೈನಸ್. ಅಮೆರಿಕದ ಎನ್‌ಇಎಸ್‌ನ ಅಡಾಪ್ಟರು 9 ವೋಲ್ಟ್ ಎಸಿ ಕೊಡುತ್ತದೆ, ಅದರ ಪ್ಲಗ್ಗು ಫ್ಯಾಮಿಕಾಮ್‌ನ ತೂತಿಗೂ ಸಲೀಸಾಗಿ ಕೂರುತ್ತದೆ, ಸೆಟ್ಟು ಸುಡುತ್ತದೆ. ಜಪಾನಿನಿಂದ ಬಂದ ಅಡಾಪ್ಟರನ್ನು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಅಡಾಪ್ಟರೇ ಹೋಗುತ್ತದೆ, ಅದು 100 ವೋಲ್ಟಿನದು. ನಕಲು ಸೆಟ್ಟುಗಳಲ್ಲಿ ಪ್ಲಸ್ಸು ಮೈನಸ್ಸು ಒಂದೊಂದು ಕಡೆ ಒಂದೊಂದು ಥರ, ಬೋರ್ಡು ನೋಡಿಯೇ ತೀರ್ಮಾನಿಸಬೇಕು. ಕಬ್ಬಿಣದ ಟ್ರಾನ್ಸ್‌ಫಾರ್ಮರಿನ 9 ವೋಲ್ಟ್ ಅಡಾಪ್ಟರು ಲೋಡಿಲ್ಲದೆ ಮೀಟರಿನಲ್ಲಿ 12, 13 ತೋರಿಸಿದರೆ ಅದು ಕೆಟ್ಟಿಲ್ಲ, ಅದರ ಸ್ವಭಾವವೇ ಹಾಗೆ.

ಬಿಚ್ಚಿದಾಗ 7805ರ ಅಕ್ಷರಗಳು ನಮ್ಮ ಕಡೆಗಿದ್ದರೆ ಎಡಗಾಲು ಒಳಬರುವುದು, ನಡುವಿನದು ಗ್ರೌಂಡು, ಬಲದ್ದು 5 ವೋಲ್ಟು. ಬಲಕ್ಕೂ ನಡುವಿಗೂ ಮೀಟರು ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟು, ಕರೆಂಟ್ ಕೊಡಬಾರದು. ಈ ಸೆಟ್ಟಿನಲ್ಲಿ ಶಾರ್ಟ್ ಇರಲಿಲ್ಲ. ಆನ್ ಮಾಡಿದಾಗ 4.4 ವೋಲ್ಟು, ಟಿವಿಯಲ್ಲಿ ನಡುಗುವ ಚೌಕಗಳು. 4.75ಕ್ಕಿಂತ ಇಳಿದರೆ ಚಿಪ್ಪುಗಳು ತಪ್ಪು ಓದಲು ಶುರುಮಾಡುತ್ತವೆ. ಒಳಗಿನ ದೊಡ್ಡ ಕೆಪಾಸಿಟರಿನ ತಲೆ ಉಬ್ಬಿತ್ತು. ಅದನ್ನು ಬದಲಿಸಿದ ಮೇಲೆ 4.98.

ಆಮೇಲೂ ಪರದೆ ಬರೀ ಬೂದು. ಅಂದರೆ ಕ್ಯಾಸೆಟ್ಟು ಓದುತ್ತಿಲ್ಲ. ಊದುವ ಅಭ್ಯಾಸ ನಮ್ಮೆಲ್ಲರದು. ಊದಿದಾಗ ಕೆಲಸ ಮಾಡುತ್ತಿದ್ದದ್ದು ಮತ್ತೊಮ್ಮೆ ತೆಗೆದು ಹಾಕಿದ್ದರಿಂದ, ಉಸಿರಿನ ತೇವ ಪಿನ್ನನ್ನು ಇನ್ನಷ್ಟು ಕಪ್ಪಾಗಿಸುತ್ತಿತ್ತು. ಕಿವಿಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಪಿನ್ನಿನ ಉದ್ದಕ್ಕೆ ಎಳೆಯಬೇಕು, ಅಡ್ಡಕ್ಕಲ್ಲ. ಮೊದಲ ಕಡ್ಡಿ ಕಾಡಿಗೆಯಂತೆ ಕಪ್ಪಾಯಿತು, ಎರಡನೆಯದು ಕಂದು, ನಾಲ್ಕನೆಯದು ಬೆಳ್ಳಗೇ ಬಂತು. ಅಲ್ಲಿಗೂ ಹೋಗದ ಕಲೆಗೆ ಬಿಳಿ ರಬ್ಬರು, ಅದೂ ಮೆಲ್ಲಗೆ. ಮರಳು ಕಾಗದ ತಿಕ್ಕಿದರೆ ಮೇಲಿನ ಲೇಪ ಹೋಗಿ ಒಳಗಿನ ತಾಮ್ರ ಕಾಣುತ್ತದೆ, ಮುಂದಿನ ಮಳೆಗಾಲಕ್ಕೆ ಹಸಿರಾಗುತ್ತದೆ. ಸೆಟ್ಟಿನ ಸ್ಲಾಟಿಗೆ ಹಳೇ ಕಾರ್ಡಿಗೆ ಒದ್ದೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸುವುದು. ಒಣಗಲು ಹತ್ತು ನಿಮಿಷ.

ಮಾರಿಯೋ ಬಂದ. ಬಂದವನು ಸ್ವಲ್ಪ ನಿಧಾನ. ಜಪಾನು, ಅಮೆರಿಕದ ಟಿವಿಗೆ ಸೆಕೆಂಡಿಗೆ 60 ಚಿತ್ರದಂತೆ ಬರೆದ ಆಟ ನಮ್ಮ ಪಾಲ್ ಪದ್ಧತಿಯ ಟಿವಿಗೆಂದು ಮಾಡಿದ ನಕಲಿನಲ್ಲಿ 50ಕ್ಕೆ ಓಡುತ್ತದೆ, ಆರನೇ ಒಂದು ಪಾಲು ಕಡಿಮೆ ವೇಗ. ಹಾಡಿನ ಶ್ರುತಿ ಹೆಚ್ಚುಕಡಿಮೆ ಅದೇ, ಲಯ ಮಾತ್ರ ಎಳೆದಂತೆ. ಇದರಲ್ಲೇ ಆಡಿ ಬೆಳೆದವರಿಗೆ ಅಸಲಿ ಜಪಾನಿ ಸೆಟ್ಟು ಕೊಟ್ಟರೆ "ಏನೋ ಫಾಸ್ಟ್ ಓಡ್ತಿದೆ, ಫಾಲ್ಟ್ ಇದೆ" ಎಂದು ವಾಪಸ್ ಕಳಿಸುವುದುಂಟು. ಮಾರುವಾಗ ಇದನ್ನು ಮೊದಲೇ ಹೇಳಿಬಿಡಬೇಕು. ಅದರ ಜೊತೆಗೇ ಇನ್ನೊಂದು: 1983ರ ಅಸಲಿ ಫ್ಯಾಮಿಕಾಮ್‌ನಿಂದ ಬರುವುದು ಜಪಾನಿ ಚಾನೆಲ್ಲಿನ ಆಂಟೆನಾ ಸಿಗ್ನಲ್ಲು ಮಾತ್ರ, ನಮ್ಮ ಟಿವಿಯಲ್ಲಿ ಅದು ಸಿಕ್ಕದು, ಎವಿ ಮಾಡ್ (ಆಡಿಯೋ ವೀಡಿಯೊ ತಂತಿ ಹಾಕಲು ಒಳಗೆ ಮಾಡುವ ಬದಲಾವಣೆ) ಮಾಡಿಸಿರಬೇಕು. ಗನ್ನು ಎಲ್‌ಸಿಡಿ ಟಿವಿಯ ಮುಂದೆ ಕೆಲಸ ಮಾಡುವುದಿಲ್ಲ. ಬಾತುಕೋಳಿ ಹೊಡೆಯುವ ಆಟದಲ್ಲಿ ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಆ ಬೆಳಕು ಅದೇ ಕ್ಷಣಕ್ಕೆ ಸಿಗಬೇಕು. ಎಲ್‌ಸಿಡಿ ತಡಮಾಡುತ್ತದೆ. ಗನ್ನು ಕೊಳ್ಳುವವರ ಹತ್ತಿರ ಹಳೇ ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿ ಇದೆಯೇ ಎಂದು ಕೇಳಿಯೇ ಮಾರುವುದು ಒಳ್ಳೆಯದು.

ಅಸಲಿ ಎಮರಾಲ್ಡ್ ಹಾಕಿದ ಕೂಡಲೇ ಬ್ಯಾಟರಿ ಮುಗಿದಿದೆ ಎಂಬ ಸಂದೇಶ ಬಂತು. ಇದು ಒಳ್ಳೆಯ ಸುದ್ದಿ, ಒಳಗಿರುವುದು ಆಟದೊಳಗಿನ ಗಡಿಯಾರ ನಡೆಸುವ ಸಿಆರ್1616 ಮಾತ್ರ, ಸೇವ್ (ಆಟ ಎಲ್ಲಿಗೆ ಬಂದಿದೆ ಎಂಬ ದಾಖಲೆ) ಫ್ಲಾಶ್ ಚಿಪ್ಪಿನಲ್ಲಿ ಭದ್ರ. ಪೋಕೆಮಾನ್ ಗೋಲ್ಡ್, ಸಿಲ್ವರ್ ಆಟಗಳು ಹಾಗಲ್ಲ: ಅವುಗಳ ಸಿಆರ್2025 ತೆಗೆದರೆ ಯಾರದೋ ಬಾಲ್ಯದ ಸೇವ್ ಅಳಿಸಿಹೋಗುತ್ತದೆ. ಹೊಸ ಬ್ಯಾಟರಿಗೆ ನೇರ ಬೆಸುಗೆ ಹಾಕಬಾರದು, ಬಿಸಿಗೆ ಸಿಡಿಯಬಹುದು. ಕಾಲು ಬೆಸೆದದ್ದನ್ನೇ ತರಬೇಕು.

ಪಿಎಸ್2 ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಸೆಟ್ಟನ್ನು ರೇರ್ ಎಂದು ಬರೆದು ಮಾರುವವರನ್ನು ನಂಬಬಾರದು. ನೀಲಿ ಬೆನ್ನಿನ ಸಿಡಿ, ಬೆಳ್ಳಿ ಬೆನ್ನಿನ ಡಿವಿಡಿ ಎರಡನ್ನೂ ಹಾಕಿ ನೋಡಬೇಕು, ಒಂದು ಓದಿ ಒಂದು ಓದದಿರುವುದೇ ಹೆಚ್ಚು. ಇದು ಡಿವಿಡಿ ಓದಲಿಲ್ಲ. ಲೆನ್ಸ್ ಒರೆಸಿದರೂ ಇಲ್ಲ. ಲೇಸರಿನ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿ ನಾಲ್ಕು ದಿನ ಓಡಿಸಿ ಮಾರುವುದು ಗುಜರಿಯವರ ಹಳೇ ವರಸೆ. ಅಷ್ಟರಲ್ಲಿ ಲೇಸರು ಸುಟ್ಟಿರುತ್ತದೆ.

ಸೆಟ್ಟಿನ ಹಳದಿ ಬಣ್ಣ ತೆಗೆಯಲು ಸಲೂನಿನ 12 ಪರ್ಸೆಂಟ್ ಪೆರಾಕ್ಸೈಡ್ ಕ್ರೀಮು ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡುವ ವಿದ್ಯೆ ಇದೆ. ಗ್ಲೌಸು ಕಡ್ಡಾಯ, ಅರ್ಧ ಗಂಟೆಗೊಮ್ಮೆ ತಿರುಗಿಸಿ ಕ್ರೀಮು ಸರಿಸದಿದ್ದರೆ ಕ್ರೀಮು ಒಣಗಿದ ಕಡೆ ಬಿಳಿ ಪಟ್ಟೆ ಉಳಿಯುತ್ತದೆ, ಅದನ್ನು ಅಳಿಸಲಾಗದು. ಕೆಲವು ವರ್ಷಕ್ಕೆ ಹಳದಿ ಮತ್ತೆ ಬರುವುದೂ ಉಂಟು. ಸಂಗ್ರಹಕಾರರಿಗೆ ಮಾರುವುದಾದರೆ ಹಳದಿಯನ್ನು ಹಾಗೇ ಬಿಡುವುದು ಮೇಲು. ತೊಳೆದದ್ದನ್ನು ಅವರು ಗುರುತಿಸುತ್ತಾರೆ, ಬೆಲೆ ಇಳಿಸುತ್ತಾರೆ.

ಬೆಲೆ ಕಟ್ಟುವಾಗ ಜನ ಕೇಳುತ್ತಿರುವ ಬೆಲೆಗಿಂತ ನಿಜಕ್ಕೂ ಮಾರಾಟವಾದ ಬೆಲೆಯನ್ನೇ ನೋಡಬೇಕು. 2021ರಲ್ಲಿ ಸೀಲು ಒಡೆಯದ ಸೂಪರ್ ಮಾರಿಯೋ 64 ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋದ ಮೇಲೆ ಪ್ರತಿ ಮನೆಯ ಅಟ್ಟವೂ ಬಂಗಾರದ ಗಣಿ ಎಂಬ ಭ್ರಮೆ ಹಬ್ಬಿತು. ಬಿಡಿ ಕ್ಯಾಸೆಟ್ಟಿಗೂ ಆ ಸುದ್ದಿಗೂ ಸಂಬಂಧವಿಲ್ಲ. ಈ ಲಾಟಿನಲ್ಲಿ ಹಾಕಿದ ದುಡ್ಡನ್ನು ಹೊರುವುದು ಎಮರಾಲ್ಡ್ ಒಂದೇ. ಒಳಬೋರ್ಡು, ಲೇಬಲ್ಲಿನ ಅಚ್ಚು, ಬ್ಯಾಟರಿ ಬದಲಿಸಿದ ಬೆಸುಗೆ, ಮೂರರ ಫೋಟೋ ಹಾಕಿ ಅದನ್ನು ಬೇರೆಯಾಗಿ ಮಾರಬೇಕು. ಸೆಟ್ಟು, ಗನ್ನು, ಕ್ಯಾಸೆಟ್ಟು ಒಟ್ಟಿಗೆ, ಐದು ನಿಮಿಷ ಆಡಿದ ವೀಡಿಯೊ ಸಮೇತ. ಪಿಎಸ್2 "ಡಿವಿಡಿ ಓದುವುದಿಲ್ಲ, ಬಿಡಿಭಾಗಕ್ಕೆ" ಎಂದು. ಡೂಪು ಎಮರಾಲ್ಡ್‌ನ ಲೇಬಲ್ಲಿನ ಮೇಲೆ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದು ಇಟ್ಟುಕೊಂಡರೆ ಮುಂದಿನ ಸಂತೆಯಲ್ಲಿ ಪಕ್ಕದಲ್ಲಿಟ್ಟು ಹೋಲಿಸಲು ಬರುತ್ತದೆ.