ಎಳ್ಳಮಾವಾಸ್ಯೆಯ ಎರಡು ಪ್ರದಕ್ಷಿಣೆ

ಎಳ್ಳಮಾವಾಸ್ಯೆಯಂದು ಪೈರಿಗೆ ಎಡೆ ಚೆಲ್ಲುವ ಚರಗಕ್ಕೆಂದು ದೊಡ್ಡಪ್ಪನ ಹೊಲಕ್ಕೆ ಹೊರಟಿದ್ದ ನಮ್ಮನ್ನು, ಮೊದಲು ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವನಿಗೆ ಕೈಮುಗಿದೇ ಮುಂದೆ ಹೋಗಬೇಕೆಂದು ಅವ್ವ ಹಟ ಹಿಡಿದು ಬನ್ನಿಕೊಪ್ಪದ ಬಳಿ ಹೊರಳಿಸಿದಳು. ಕಾರಿನ ತುಂಬ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯದ ವಾಸನೆ ಹರಡಿತ್ತು. ಮಕ್ಕಳ ಧ್ಯಾನವೆಲ್ಲ ದೇವರಿಗಿಂತ ಬುತ್ತಿಗಂಟಿನ ಮೇಲೆಯೇ ಇತ್ತು.

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹೊಗಳುವುದು ಶಾಸನಕವಿಗಳ ಕಸುಬೇ ಆದರೂ ಇಲ್ಲಿ ಅದು ಅತಿಯಾಯಿತೆಂದು ನನಗೆ ಅನ್ನಿಸಲಿಲ್ಲ. ತಿರುಗಣೆಗೆ ಕೊಟ್ಟು ಕಡೆದ ಕಂಬವೊಂದರ ನುಣುಪಾದ ಬಳೆಗಳ ಮೇಲೆ ಬೆರಳಾಡಿಸುತ್ತ ಅವ್ವ, “ಕಡಗೋಲ ಇದ್ದಂಗ ಐತಿ ನೋಡು” ಎಂದಳು. ಕಲೆಯ ಬಗೆಗೆ ನಾನು ಓದಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಹೋಲಿಕೆಯ ಮುಂದೆ ಸಪ್ಪೆಯೆನಿಸಿದವು. ಲಿಂಗದೆದುರು ಒಂದು ಗಳಿಗೆ ಕಣ್ಣುಮುಚ್ಚಿ ನಿಂತು, ಗುಡಿಯನ್ನು ಸುತ್ತಿ ಹೊರಬಿದ್ದೆವು.

ಹೊಲದ ಬದುವಿನ ಹತ್ತಿರ ಬಂದಾಗ ಅವ್ವ, ಗುಡಿಯ ಹೊರಗೆ ಬಿಟ್ಟಂತೆಯೇ, ಚಪ್ಪಲಿ ಕಳಚಿಟ್ಟು ಬಾಗಿ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡಳು. ಹೇಳದಿದ್ದರೂ ಮಕ್ಕಳು ಹಾಗೆಯೇ ಮಾಡಿದರು. ಹಿಂಗಾರಿ ಜೋಳವು ಹೊಡೆ ತುಂಬಿ ನಿಂತಿತ್ತು. ದನಗಳು ಒಳನುಗ್ಗದಿರಲೆಂದು ಅಂಚಿಗೆ ಮುಳ್ಳಿನ ಕುಸುಬೆಯ ಸಾಲು ಹಾಕಿದ್ದರು. ಬಿತ್ತಿದ ಮೇಲೆ ಮಳೆ ಹೆಚ್ಚು ಕೇಳದೆ, ಎರೆಮಣ್ಣು ಹಿಡಿದಿಟ್ಟ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿ ಬೆಳೆಯುವ ಈ ಪೈರನ್ನು ಹೊತ್ತ ಭೂತಾಯಿಯನ್ನು ಬಸುರಿಯೆಂದೇ ಭಾವಿಸಿ, ಅವಳ ಬಯಕೆ ತೀರಿಸಲು ಚರಗ ಚೆಲ್ಲುವುದು ನಮ್ಮ ಕಡೆಯ ನಡಾವಳಿ.

ಬನ್ನಿಯ ಗಿಡದ ಬುಡದಲ್ಲಿ ದೊಡ್ಡಪ್ಪ ಐದು ಕಲ್ಲುಗಳನ್ನು ಸಾಲಾಗಿಟ್ಟು, ಸುಣ್ಣ ಬಳಿದು, ಕುಂಕುಮ ಹಚ್ಚಿದರು; ಅವೇ ಪಾಂಡವರು. ಮುಂಜಾನೆ ಒಂಬೈನೂರು ಚಿಲ್ಲರೆ ವರ್ಷಗಳ ಕುಸುರಿ ಕೆತ್ತನೆಯನ್ನು ನೋಡಿ ಬಂದಿದ್ದ ಮಗಳು, ಉಳಿಯ ಏಟು ಕಾಣದ, ಅದೇ ಹೊಲದಿಂದ ಆರಿಸಿ ತಂದ ಆ ಕಲ್ಲುಗಳಿಗೂ ಅಷ್ಟೇ ಗಂಭೀರವಾಗಿ ಹೂವಿಟ್ಟಳು. ಎಡೆ ಹಿಡಿದಾದ ಮೇಲೆ ಎಲ್ಲ ಪದಾರ್ಥಗಳನ್ನೂ ಕಲಸಿದ ಬುಟ್ಟಿಯನ್ನು ಹೊತ್ತು ದೊಡ್ಡಪ್ಪ ಮುಂದೆ, “ಹುಲ್ಲುಲಿಗೋ” ಎಂದು ಕೂಗುತ್ತ ತುತ್ತು ತುತ್ತಾಗಿ ಚೆಲ್ಲುತ್ತ ನಡೆದರೆ, ತಂಬಿಗೆಯಿಂದ ನೀರು ಚಿಮುಕಿಸುತ್ತ “ಚಲ್ಲಂಬರಿಗೋ” ಎನ್ನುವುದು ಹಿಂದಿದ್ದ ನನ್ನ ಪಾಲಿಗೆ ಬಂತು. ಊರಿಂದೂರಿಗೆ ಈ ಕೂಗು ತುಸು ಬದಲಾಗುತ್ತದೆ. ಪಟ್ಟಣ ಸೇರಿದ ನನ್ನ ದನಿಯಂತೂ ಮೊದಮೊದಲು ಗಂಟಲಲ್ಲೇ ಸಿಕ್ಕಿಕೊಂಡಿತು.

ಮೂರನೆಯ ಮೂಲೆಗೆ ಬಂದಾಗ, ನೀರು ನಿಂತು ಜೋಳ ಮೊಣಕಾಲೆತ್ತರಕ್ಕೇ ಕುಗ್ಗಿದ್ದ ಜಾಗದಲ್ಲಿ ದೊಡ್ಡಪ್ಪ ನಿಂತುಬಿಟ್ಟರು. ಬುಟ್ಟಿಯಿಂದ ದೊಡ್ಡದೊಂದು ತುತ್ತು ತೆಗೆದು ಹಾಕಿ, ನನ್ನತ್ತ ತಿರುಗಿ, “ಇಲ್ಲೊಂದೀಟು ನೀರು ಜಾಸ್ತಿ ಚಿಮುಕಸು, ಸಣಕಲ ಆಗೇದ” ಎಂದರು.