ದಿ ಸೌಂಡ್ ಗುಂಗಿನಲ್ಲಿ

ತುಂಬಾ ವರ್ಷಗಳ ಮೇಲೆ 'ಫ್ರಮ್ ದಿ ಲಯನ್ಸ್ ಮೌತ್' ಮತ್ತೆ ಕೇಳುತ್ತಿದ್ದೇನೆ. ಲಂಡನ್ನಿನ ದಿ ಸೌಂಡ್ ಬ್ಯಾಂಡಿನ ಆಲ್ಬಂ, 1981ರದ್ದು. ಅದೇ ಕಾಲದ ಇಂಗ್ಲೆಂಡಿನ ಬ್ಯಾಂಡುಗಳಾದ ದಿ ಕ್ಯೂರ್, ಜಾಯ್ ಡಿವಿಷನ್ ಅಂದರೆ ಎಲ್ಲರಿಗೂ ಗೊತ್ತು. ದಿ ಸೌಂಡ್ ಕೇಳಿದವರು ಕಡಿಮೆ. ಇವರ ಜೊತೆಗೇ ಕೊರೋವಾ ರೆಕಾರ್ಡ್ ಲೇಬಲ್‌ನಲ್ಲಿದ್ದ ಎಕೋ ಆಂಡ್ ದಿ ಬನ್ನಿಮೆನ್ ಬ್ಯಾಂಡಿನವರು ಹೆಸರು ಮಾಡಿ ಎಲ್ಲಿಗೋ ಹೋದರು, ಇವರು ಅಲ್ಲೇ ಉಳಿದರು. ಅನ್ಯಾಯ ಅಲ್ವಾ?

ಮೊದಲ ಹಾಡು 'ವಿನ್ನಿಂಗ್' ಒಂದನ್ನಾದರೂ ಹೆಡ್‌ಫೋನ್ ಹಾಕಿ ಕೇಳಿ. ಏನೂ ಅವಸರವಿಲ್ಲ. ಬಾಸ್ ಗಿಟಾರ್ ಹಾಡನ್ನು ಎಳೆದುಕೊಂಡು ಹೋಗುತ್ತದೆ, ಹಿಂದೆ ಸಿಂಥಸೈಜರ್ ದನಿ ಮಂಜಿನ ಹಾಗೆ ಕವಿಯುತ್ತದೆ. ಮುಳುಗುತ್ತಿದ್ದವನು ಈಜಲು ಶುರುಮಾಡಿದ ಕಥೆ ಅದು. ಬ್ಯಾಂಡಿನ ಗಾಯಕ ಏಡ್ರಿಯನ್ ಬೋರ್ಲೆಂಡ್ ಕಿರುಚುವುದಿಲ್ಲ, ಗಟ್ಟಿಯಾಗಿ ನಂಬಿ ಹಾಡುತ್ತಾನೆ.

ಅದೇ ಬೋರ್ಲೆಂಡ್ ವರ್ಷಗಟ್ಟಲೆ ಮಾನಸಿಕ ಕಾಯಿಲೆಯಿಂದ ನರಳಿ, 1999ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಆಗ ಅವನಿಗೆ 41. ಅದಕ್ಕೆ ಈ ಹಾಡು ಸುಳ್ಳು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಹಾಡುವಾಗ ಅವನು ಗೆದ್ದಿದ್ದ. ಎಷ್ಟೋ ಜನರಿಗೆ ಅಷ್ಟೇ ಸಾಕಾಗಿರಬಹುದು.

ಆಲ್ಬಂ ಮುಖಪುಟದಲ್ಲಿ ಕಲಾವಿದ ಬ್ರಿಟನ್ ರಿವಿಯೇರ್ ಬರೆದ, ಬೈಬಲ್ ಕಥೆಯ ಡೇನಿಯಲ್ ಮತ್ತು ಸಿಂಹಗಳ ಚಿತ್ರವಿದೆ, ಅದನ್ನೂ ನೋಡಿ. ಇಷ್ಟವಾದರೆ ಮುಂದೆ ಇವರದೇ 'ಹೆಡ್ಸ್ ಆಂಡ್ ಹಾರ್ಟ್ಸ್' ಆಲ್ಬಂ ಹುಡುಕಿ, 1985ರದ್ದು.