ಜನವರಿ ಲೆಕ್ಕ, ಬಾರದ 15 ಮನೆ

2 ಫೆಬ್ರವರಿ 2025, ರವಿವಾರ, ರಾತ್ರಿ
ಹುಮನಾಬಾದ್ ತಾಲೂಕು, ಬೀದರ್ ಜಿಲ್ಲೆ

ಇವತ್ತು ತಿಂಗಳ ಮೊದಲ ರವಿವಾರ. ನಮ್ಮ ಸಭೆಯಲ್ಲಿ, ಅಂದರೆ ನಮ್ಮೂರಿನ ಮೆಥೊಡಿಸ್ಟ್ ಚರ್ಚಿನಲ್ಲಿ, ಈ ದಿನ ಎರಡು ವಿಶೇಷ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನ, ಆಮೇಲೆ ಹೋದ ತಿಂಗಳ ಜಮಾ-ಖರ್ಚು ಓದುವುದು. ಲೆಕ್ಕ ಓದುವವಳು ನಾನು. ಖಜಾಂಚಿ ಆಗಿ ಆರು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಓದಲು ನಿಂತಾಗ ಇವತ್ತಿನಷ್ಟು ಕೈ ನಡುಗಿದ್ದಿಲ್ಲ.

ಮೊದಲು ಲೆಕ್ಕ ಬರೆದುಬಿಡುತ್ತೇನೆ.

ಜನವರಿಯ ನಾಲ್ಕು ರವಿವಾರದ ಕಾಣಿಕೆ 3,135 ರೂಪಾಯಿ. ಹೊಸ ವರ್ಷದ ಆರಾಧನೆಯಲ್ಲಿ ಬಂದ ಸ್ತೋತ್ರ ಕಾಣಿಕೆ 4,260. ತಿಂಗಳ ಮನೆ ಕಾಣಿಕೆ 5,450. ಪ್ರಥಮ ಫಲ ಅಂತ ಒಂಬತ್ತು ಮನೆಯವರು ತೊಗರಿ ತಂದು ಕೊಟ್ಟಿದ್ದರು, ಒಟ್ಟು 62 ಕಿಲೋ. ಸರ್ಕಾರದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 7,550 ಇತ್ತು. ಆದರೆ ಅಷ್ಟು ಚೂರು ಮಾಲು ಹಿಡಿದುಕೊಂಡು ಖರೀದಿ ಕೇಂದ್ರಕ್ಕೆ ಯಾರು ಹೋಗುತ್ತಾರೆ? ಊರಲ್ಲೇ ಕಿಲೋಗೆ 72ರಂತೆ ಕೊಟ್ಟೆವು. 4,464 ಬಂತು. ಎಲ್ಲಾ ಸೇರಿ ಜಮಾ 17,309.

ಖರ್ಚಿನಲ್ಲಿ ದೊಡ್ಡದು ಪಾಸ್ಟರ್ ಸಂಬಳಕ್ಕೆ ನಮ್ಮ ಪಾಲು, 9,000. ನಾಲ್ಕು ಊರಿಗೆ ಅವರೊಬ್ಬರೇ. ಅವರ ಗಾಡಿಯ ಪೆಟ್ರೋಲಿಗೆ 800. ಕ್ರಿಸ್ಮಸ್ ಶಾಮಿಯಾನದ ಬಾಕಿ 3,500. ಮೈಕ್ ಸೆಟ್ ರಿಪೇರಿ 1,350. ಲೈಟ್ ಬಿಲ್ 412. ಕರ್ತನ ಭೋಜನಕ್ಕೆ ಬ್ರೆಡ್ಡು, ಒಣ ದ್ರಾಕ್ಷಿ 260. ಒಬ್ಬ ಹುಡುಗನ ಆಪರೇಷನ್ನಿಗೆ ಸಹಾಯ 1,500. ಒಟ್ಟು 16,822. ಉಳಿದದ್ದು 487 ರೂಪಾಯಿ.

ಚರ್ಚಿಗೆ ಪರದೇಶದಿಂದ ರೊಕ್ಕ ಬರುತ್ತದೆ ಅಂತ ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಬೀದರ್ ಕಡೆಯ ಸಭೆಗಳನ್ನು ಕಟ್ಟಿದ್ದು ಅಮೆರಿಕದ ಮೆಥೊಡಿಸ್ಟ್ ಮಿಷನ್, ಅದು ನಿಜ. ಆದರೆ 1981ರಲ್ಲೇ ಭಾರತದ ಮೆಥೊಡಿಸ್ಟ್ ಸಭೆ ಬೇರೆಯಾಗಿ ತನ್ನ ಆಡಳಿತ ತಾನೇ ನೋಡಿಕೊಳ್ಳಲು ಶುರು ಮಾಡಿತು. ನಮ್ಮ ಊರಿನ ಸಭೆ ನಡೆಯುವುದು ನಮ್ಮ 38 ಮನೆಯವರ ಕೂಲಿ, ತೊಗರಿ, ಜೋಳದಿಂದ.

ಆ 38ರಲ್ಲಿ ಜನವರಿಯ ಮನೆ ಕಾಣಿಕೆ ಬಂದದ್ದು 23 ಮನೆಯಿಂದ. 15 ಮನೆ ಬಂದಿಲ್ಲ. ಮೊನ್ನೆ ಶುಕ್ರವಾರ ರಾತ್ರಿ ಲೆಕ್ಕ ಮುಗಿಸುವಾಗ ಆ 15 ಹೆಸರುಗಳನ್ನು ನೋಡುತ್ತಾ ಕುಳಿತೆ. ಹಿಂದೆ ಹೀಗೆ ಆಗುತ್ತಿರಲಿಲ್ಲ. ನಾಲ್ಕೈದು ಮನೆ ತಪ್ಪುತ್ತಿತ್ತು, ಅಷ್ಟೇ.

ಕಾರಣ ನನಗೆ ಗೊತ್ತಿತ್ತು. ಅಕ್ಟೋಬರಿನಲ್ಲಿ ಯುವಕರ ಸಂಘದ ಹುಡುಗ ಸಭೆಯ ಬ್ಯಾಂಕ್ ಖಾತೆಗೆ ಕ್ಯೂಆರ್ ಕೋಡ್ ಮಾಡಿಸಿಕೊಟ್ಟ. ಬಾಗಿಲ ಪಕ್ಕದಲ್ಲಿ ಅಂಟಿಸಿದೆವು. ಒಳ್ಳೆಯದೇ ಆಯಿತು. ಹೈದರಾಬಾದ್, ಪುಣೆಯಲ್ಲಿ ದುಡಿಯುವ ಮಕ್ಕಳು ಅಲ್ಲಿಂದಲೇ ಕಳಿಸುತ್ತಾರೆ. ಆದರೆ ನಾನು ಅವತ್ತಿನಿಂದ ಮನೆ ಮನೆಗೆ ಹೋಗುವುದನ್ನು ಬಿಟ್ಟೆ. ಮೊದಲು ತಿಂಗಳ ಕೊನೆಯ ಎರಡು ಶನಿವಾರ ರಸೀದಿ ಪುಸ್ತಕ ಹಿಡಿದು ಎಲ್ಲಾ ಓಣಿ ತಿರುಗುತ್ತಿದ್ದೆ. ಶಾಲೆ ಕೆಲಸ ಜಾಸ್ತಿ ಆಯಿತು, ಫೋನಿನಲ್ಲಿ ಹಾಕುತ್ತಾರೆ ಬಿಡು ಅಂದುಕೊಂಡೆ.

ಹೋದ ತಿಂಗಳ ಪ್ರಾರ್ಥನಾ ಕೂಟದಲ್ಲಿ ಪಾಸ್ಟರ್ ಒಂದು ಸಂಗತಿ ಹೇಳಿದ್ದರು. ಅದು ತಲೆಯಿಂದ ಹೋಗಿರಲಿಲ್ಲ. 1742ರ ಫೆಬ್ರವರಿ 15ರಂದು ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ, ಮೆಥೊಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯವರ ಜನ ಸೇರಿದ್ದರು. ಕೂಡುವ ಜಾಗ ಕಟ್ಟಿ ಸಾಲ ಆಗಿತ್ತು. ಹೇಗೆ ತೀರಿಸುವುದು ಅಂತ ಮಾತು. ಸಾಲ ತೀರುವವರೆಗೆ ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಒಬ್ಬರು ಎದ್ದು ಹೇಳಿದರು. ಅವರು ಹಡಗಿನ ಕ್ಯಾಪ್ಟನ್ ಆಗಿದ್ದವರು. ಬಡವರಿಗೆ ಅದೂ ಆಗುವುದಿಲ್ಲ ಅಂದರು ಇನ್ನೊಬ್ಬರು. ಆಗ ಆ ಕ್ಯಾಪ್ಟನ್, ತೀರಾ ಬಡವರಾದ 11 ಜನರನ್ನು ನನ್ನ ಪಾಲಿಗೆ ಕೊಡಿ, ವಾರ ವಾರ ನಾನೇ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ತರುತ್ತೇನೆ, ಇಲ್ಲದಿದ್ದರೆ ಅವರದ್ದನ್ನೂ ನಾನೇ ಹಾಕುತ್ತೇನೆ ಅಂದರು. ಹಾಗೆ ಶುರುವಾಯಿತು. ರೊಕ್ಕ ತರಲು ಹೋದವರಿಗೆ ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಎಲ್ಲಾ ಕಂಡಿತು. ಮೆಥೊಡಿಸ್ಟರು ಚಿಕ್ಕ ಗುಂಪಾಗಿ ವಾರ ವಾರ ಕೂಡುವ ಕ್ಲಾಸ್ ಮೀಟಿಂಗು, ಆ ಗುಂಪನ್ನು ನೋಡಿಕೊಳ್ಳುವ ಕ್ಲಾಸ್ ಲೀಡರು ಹುಟ್ಟಿದ್ದು ಆ ಒಂದು ಪೆನ್ನಿಯಿಂದ.

ನನ್ನ ಮುತ್ಯಾ ಕೂಡ ಈ ಸಭೆಯ ಖಜಾಂಚಿ ಆಗಿದ್ದರು. ಅವರ ಒಂದು ಪುಸ್ತಕ ನಮ್ಮ ಪೆಟ್ಟಿಗೆಯಲ್ಲಿದೆ, 1948ರ ಮುಂಚಿನದು, ನಿಜಾಮರ ರಾಜ್ಯ ಇದ್ದಾಗಿನದು. ಕಾಣಿಕೆ ಎಲ್ಲಾ ನಿಜಾಮರ ನಾಣ್ಯವಾದ ಹಾಲಿ ರೊಕ್ಕದಲ್ಲಿ, ಆಣೆಯ ಲೆಕ್ಕದಲ್ಲಿ ಇದೆ. ಕೊಡದವರ ಹೆಸರಿನ ಮುಂದೆ ಅವರು ಗೆರೆ ಎಳೆದಿಲ್ಲ. ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ‘ಮಗುವಿಗೆ ಜ್ವರ.’ ‘ಎತ್ತು ಸತ್ತಿತು.’ ‘ಮನೆಯಲ್ಲಿಲ್ಲ, ಮತ್ತೆ ಹೋಗಬೇಕು.’ ನನ್ನ ಪುಸ್ತಕದಲ್ಲಿ ಆ 15 ಮನೆಯ ಮುಂದೆ ಬರೀ ಗೆರೆ.

ಅದಕ್ಕೆ ನಿನ್ನೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಹೊರಟೆ.

ನಾಲ್ಕು ಮನೆಗೆ ಬೀಗ. ಕಬ್ಬು ಕಡಿಯಲು ಹೋದವರು ಎರಡು, ಹೈದರಾಬಾದಿಗೆ ಹೋದವರು ಎರಡು. ಆರು ಮನೆಯಲ್ಲಿ ನನ್ನನ್ನು ನೋಡಿದ ತಕ್ಷಣ ರೊಕ್ಕ ತಂದು ಕೊಟ್ಟರು. ಒಬ್ಬ ವೈನಿ ಚಹಾಪುಡಿ ಡಬ್ಬಿಯಿಂದ ನೂರರ ಎರಡು ನೋಟು ತೆಗೆದರು. "ನೀವು ಬರ್ತೀರಿ ಅಂತ ಡಿಸೆಂಬರಿಂದ ಎತ್ತಿಟ್ಟೀನ್ರಿ ಟೀಚರ್, ಬರ್ಲೇ ಇಲ್ಲ" ಅಂದರು. ಆ ಮನೆಯಲ್ಲಿ ಫೋನ್ ಇರುವುದು ಮಗನ ಹತ್ತಿರ. ಮಗ ಇರುವುದು ಪುಣೆಯಲ್ಲಿ. ಬಾಗಿಲ ಪಕ್ಕದ ಕ್ಯೂಆರ್ ಅವರಿಗೆ ಯಾತಕ್ಕೆ? ಆರು ಮನೆಯದು ಸೇರಿ 1,150 ಆಯಿತು. ಅದು ಫೆಬ್ರವರಿ ಲೆಕ್ಕಕ್ಕೆ.

ಎರಡು ಮನೆಯಲ್ಲಿ ತೊಗರಿ ಹೋಗಿದೆ. ನೆಟೆ ರೋಗ. ಗಿಡ ನಿಂತಲ್ಲೇ ಒಣಗಿ ಕಡ್ಡಿಯಾಗಿದೆ. ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಕಾಣಿಕೆ ಮಾತು ನಾನು ಎತ್ತಲಿಲ್ಲ. ಇನ್ನೊಂದು ಮನೆಯಲ್ಲಿ ಅತ್ತೆ ಕ್ರಿಸ್ಮಸ್ ಮುಗಿದ ಮೇಲೆ ಬಚ್ಚಲಲ್ಲಿ ಬಿದ್ದು, ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಸಭೆಯ ಒಬ್ಬರಿಗೂ ಗೊತ್ತಿಲ್ಲ. ಮೂರು ಓಣಿ ಆಚೆ ಇರುವ ಮನೆ ಅದು!

ಒಬ್ಬ ಮಾಮಾ ಸಿಟ್ಟಿನಲ್ಲಿದ್ದರು. ನವೆಂಬರಿನಲ್ಲಿ ಮಗನಿಂದ 500 ಹಾಕಿಸಿದ್ದರಂತೆ. ನಾನು ಲೆಕ್ಕ ಓದುವಾಗ ಅವರ ಹೆಸರು ಬರಲಿಲ್ಲ. "ಕೊಟ್ಟೂ ಕಳ್ಳ ಆದೆ" ಅಂದರು. ಮನೆಗೆ ಬಂದು ಬ್ಯಾಂಕಿನ ಕಾಗದ ತೆಗೆದು ನೋಡಿದೆ. ಇತ್ತು. ಮಗನ ಹೆಸರಲ್ಲಿ ಬಂದಿತ್ತು. ಯಾರು ಅಂತ ತಿಳಿಯದೆ ನಾನು ಅದನ್ನು ಹೆಸರಿಲ್ಲದ ಕಾಣಿಕೆಯಲ್ಲಿ ಸೇರಿಸಿದ್ದೆ. ತಪ್ಪು ನನ್ನದು. ರಾತ್ರಿಯೇ ಮತ್ತೆ ಹೋಗಿ ರಸೀದಿ ಕೊಟ್ಟು, ಕ್ಷಮೆ ಕೇಳಿ ಬಂದೆ.

ಕೊನೆಯದು ಆಯಿಯ ಮನೆ.

ಈ ಆಯಿ ನನಗೆ ಬುದ್ಧಿ ಬಂದಾಗಿನಿಂದ ಕರ್ತನ ಭೋಜನದ ಚಿಕ್ಕ ಗ್ಲಾಸು ತೊಳೆದು ಒರೆಸಿ ಇಡುತ್ತಿದ್ದವರು. ಮೂರು ತಿಂಗಳಿಂದ ಬಂದಿಲ್ಲ. ಮೊಣಕಾಲು ನೋವು ಅಂತ ನಾವೇ ಮಾತಾಡಿಕೊಂಡು ಸುಮ್ನೆ ಇದ್ದೆವು. "ಬಾರವ್ವ, ಕುಂದ್ರು" ಅಂದರು. ಸ್ವಲ್ಪ ಹೊತ್ತು ಅದು ಇದು ಮಾತಾಡಿದ ಮೇಲೆ ಯಾಕೆ ಬರುತ್ತಿಲ್ಲ ಅಂತ ಕೇಳಿದೆ.

"ಪಿಂಚಣಿ ಬಂದಿಲ್ಲವ್ವ ಮೂರು ತಿಂಗಳಿಂದ. ಖಾಲಿ ಕೈಲಿ ಹೆಂಗ ಬರ್ಲಿ? ಕಾಣಿಕೆ ತಟ್ಟೆ ಮುಂದ ಬರ್ತದ, ಎಲ್ರೂ ನೋಡ್ತಾರ. ಮ್ಯಾಲ ನೀ ಹೆಸರು ಓದ್ತಿ."

ನೀ ಹೆಸರು ಓದ್ತಿ. ಆಯಿ ನನ್ನ ಮೇಲೆ ದೂರು ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಆ ಕ್ಯಾಪ್ಟನ್ ನೆನಪಾಗಿ, ನಿಮ್ಮದನ್ನು ನಾನು ಹಾಕುತ್ತೇನೆ ಆಯಿ ಅಂದೆ. ಅವರಿಗೆ ಸರಿ ಬರಲಿಲ್ಲ. "ನನ್ನ ಹೆಸರಾಗ ನೀ ಯಾಕ ಹಾಕ್ತಿ?" ಅಂದರು. ಎದ್ದು ಹೋಗಿ ಗಡಿಗೆಯಿಂದ ಜೋಳ ತಂದರು, ಒಂದು ಚಿಕ್ಕ ಡಬ್ಬಿ ತುಂಬ. "ಇದು ನಡೀತದಾ?"

ನಡೆಯದೇ ಏನು? ನಮ್ಮ ಮಹಿಳಾ ಸಂಘದವರು ರೊಟ್ಟಿ ಬಡಿಯುವ ಮೊದಲು ಒಂದು ಹಿಡಿ ಜೋಳ ತೆಗೆದಿಡುತ್ತಾರೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಹೆಂಗಸರು ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ಎತ್ತಿಡುವ ಪದ್ಧತಿ 1910ರಿಂದ ಇದೆ. ವಾರ ವಾರ ಅದನ್ನು ಕೂಡಿಸಿ ಮಾರಿ, ಸಭೆಯ ಎಷ್ಟೋ ಕೆಲಸ ನಡೆಸುತ್ತಾರೆ. ಅದನ್ನು ಕೇಳಿಯೇ ನಮ್ಮವರು ಶುರು ಮಾಡಿದ್ದು. ಜನವರಿಯಲ್ಲಿ 31 ಕಿಲೋ ಕೂಡಿತು. ಮಾರದೆ ಎರಡು ಮನೆಗೆ ಕೊಟ್ಟರು. ಆದರೆ ಜೋಳ ಕೂಡಿಸಲು ಆಯಿಯ ಓಣಿಗೆ ಯಾರೂ ಹೋಗಿಲ್ಲ. ಬಡವರು, ಕೇಳುವುದು ಬೇಡ ಅಂತ ಬಿಟ್ಟಿದ್ದಾರೆ. ಕೇಳದೇ ಇದ್ದದ್ದೇ ಅವರಿಗೆ ನೋವಾಗಿದೆ.

ಇವತ್ತು ಬೆಳಿಗ್ಗೆ ಆರಾಧನೆಗೆ ಮುಂಚೆ ಕಮಿಟಿಯವರನ್ನು ಕೂಡಿಸಿ ಹೇಳಿದೆ. ಇನ್ನು ಮುಂದೆ ಮೊತ್ತ ಮಾತ್ರ ಓದುತ್ತೇನೆ, ಹೆಸರು ಓದುವುದಿಲ್ಲ.

ಹಿರಿಯ ಕಾಕಾ ಒಪ್ಪಲಿಲ್ಲ. "ಹೆಸರು ಬಿಟ್ರ ನಾಳಿ ನಿನ್ನ ಮ್ಯಾಲೇ ಮಾತು ಬರ್ತದ" ಅಂದರು. ಅವರ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಅವರು ಖಜಾಂಚಿ ಆಗಿದ್ದಾಗ ಹೆಸರು ಓದುವುದನ್ನು ಶುರು ಮಾಡಿದ್ದೇ ಊರಿನ ಅನುಮಾನದ ಬಾಯಿ ಮುಚ್ಚಿಸಲು. ಕೊಟ್ಟ ಹತ್ತು ರೂಪಾಯಿ ಸಭೆಗೆ ಮುಟ್ಟಿದೆ ಅಂತ ಕಿವಿಯಾರೆ ಕೇಳುವುದು ಬಡವರಿಗೂ ಒಂದು ಧೈರ್ಯ. ಪಾಸ್ಟರ್ ಬೈಬಲಿನ ಅಪೊಸ್ತಲ ಪೌಲನ ಮಾತು ತೆಗೆದರು. ಎರಡನೇ ಕೊರಿಂಥದ ಎಂಟನೇ ಅಧ್ಯಾಯದಲ್ಲಿ, ಯೆರೂಸಲೇಮಿನ ಬಡವರಿಗೆ ಕೂಡಿಸಿದ ರೊಕ್ಕವನ್ನು ಪೌಲ ತಾನೊಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ.

ಅರ್ಧ ಗಂಟೆ ಮಾತಾಯಿತು. ಕೊನೆಗೆ ಒಪ್ಪಿದ್ದು ಇಷ್ಟು. ಮೊತ್ತ ಮಾತ್ರ ಓದುವುದು. ಆರಾಧನೆ ಮುಗಿದ ಮೇಲೆ ಪುಸ್ತಕ ಮೇಜಿನ ಮೇಲೆ ತೆರೆದಿಡುವುದು, ಯಾರು ಬೇಕಾದರೂ ತಮ್ಮ ಹೆಸರು ನೋಡಿಕೊಳ್ಳಬಹುದು. ಕಾಣಿಕೆ ಎಣಿಸಲು ಯಾವಾಗಲೂ ಇಬ್ಬರು, ಇಬ್ಬರದ್ದೂ ಸಹಿ. ಬ್ಯಾಂಕಿನ ಕಾಗದ ಬಂದಾಗ ಆ ಹುಡುಗ ನನ್ನ ಜೊತೆ ಕುಳಿತು, ಯಾವ ರೊಕ್ಕ ಯಾವ ಮನೆಯದು ಅಂತ ಹೊಂದಿಸುವುದು. ಮೂರು ತಿಂಗಳು ಹೀಗೆ ನಡೆಸಿ ನೋಡೋಣ ಅಂದರು ಕಾಕಾ. ಮುಖದಲ್ಲಿ ಸಮಾಧಾನ ಇರಲಿಲ್ಲ.

ತಟ್ಟೆಯ ವಿಷಯ ಮಾತ್ರ ಬಗೆಹರಿದಿಲ್ಲ. ತಟ್ಟೆ ತಿರುಗಿಸುವುದನ್ನು ಬಿಟ್ಟು ಬಾಗಿಲ ಹತ್ತಿರ ಪೆಟ್ಟಿಗೆ ಇಡೋಣ ಅಂದೆ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ ಬಡ ವಿಧವೆ ಎರಡು ಕಾಸು ಹಾಕಿದ್ದು ದೇವಾಲಯದ ಬೊಕ್ಕಸಕ್ಕೆ. ತಾನಾಗಿ ನಡೆದು ಹೋಗಿ ಹಾಕಿದಳು, ಅಲ್ವಾ? ತಟ್ಟೆ ಅವಳ ಮುಂದೆ ಬಂದು ನಿಲ್ಲಲಿಲ್ಲ. ಕಾಕಾ ಇದಕ್ಕೆ ಬಿಲ್ಕುಲ್ ಒಪ್ಪಲಿಲ್ಲ. ಕಾಣಿಕೆ ಎತ್ತುವುದೂ ಆರಾಧನೆಯೇ, ಅದನ್ನು ಮೂಲೆಗೆ ಹಾಕಬಾರದು ಅಂದರು. ಪಾಸ್ಟರ್ ಏನೂ ಹೇಳಲಿಲ್ಲ. ಮುಂದಿನ ಕಮಿಟಿಗೆ ಬಿಟ್ಟೆವು.

ಆರಾಧನೆಗೆ ಆಯಿ ಬಂದರು. ಕಾಣಿಕೆಯ ಕೀರ್ತನೆ ಹಾಡುತ್ತಿದ್ದಾಗ ನಾನು ಬಾಗಿಲ ಕಡೆ ನೋಡಿದೆ. ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆ ಹಿಡಿದು ನಿಂತಿದ್ದರು. ತಟ್ಟೆ ಎಲ್ಲಾ ಸಾಲು ತಿರುಗಿ ಮೇಜಿಗೆ ಹೋಗುವ ತನಕ ಒಳಗೆ ಬರಲಿಲ್ಲ. ಆಮೇಲೆ ಬಂದು ಹೆಂಗಸರ ಕಡೆ ಹಿಂದಿನ ಜಮಖಾನೆಯ ಮೇಲೆ ಕುಳಿತರು. ಜೋಳ ಕೊಟ್ಟಿದ್ದರು, ಹೆಸರು ಓದುವುದಿಲ್ಲ ಅಂತ ನಾನು ಹೇಳಿ ಕಳಿಸಿದ್ದೆ. ಆದರೂ ತಟ್ಟೆಗೆ ಹೆದರಿ ಹೊರಗೇ ನಿಂತಿದ್ದರು. ನನಗೆ ಆಮೇಲಿನ ಪ್ರಾರ್ಥನೆಯ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರು. ಎಲ್ಲಾ ಮುಗಿದ ಮೇಲೆ ಯಾರೂ ಹೇಳದೆ ಗ್ಲಾಸಿನ ತಟ್ಟೆ ಎತ್ತಿಕೊಂಡು ಹಿಂದಿನ ನಲ್ಲಿಗೆ ಹೋದರು.

ಮೇಜಿನ ಮೇಲಿನ ಪುಸ್ತಕ ಏಳು ಜನ ನೋಡಿದರು. ಮೊದಲು ಬಂದವರು ಆ 500 ರೂಪಾಯಿ ಮಾಮಾ. ಮಗನ ಹೆಸರು ಹೊಡೆದು ತಮ್ಮ ಹೆಸರು ಬರೆದದ್ದನ್ನು ಬೆರಳಿಟ್ಟು ಓದಿದರು. ಕಾಕಾ ದೂರದಿಂದ ನೋಡುತ್ತಿದ್ದರು.

ಮಧ್ಯಾಹ್ನ ಪಾಸ್ಟರ್ ಜೊತೆ ಬಿದ್ದ ಅತ್ತೆಯ ಮನೆಗೆ ಹೋಗಿ ಕರ್ತನ ಭೋಜನ ಕೊಟ್ಟು ಬಂದೆವು. ಬುಧವಾರ ಅವರನ್ನು ಬೀದರಿಗೆ ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಯುವಕರ ಸಂಘದ ಹುಡುಗ ಗಾಡಿ ತರುತ್ತಾನೆ. ಡೀಸೆಲ್ ಲೆಕ್ಕ ಸಭೆಯದು ಅಂತ ಕಾಕಾನೇ ಹೇಳಿದರು. ಆ 487ರಲ್ಲೇ ಕೊಡಬೇಕು.

ನಾಳೆ ಹೊಸ ರಸೀದಿ ಪುಸ್ತಕ ಕೊಳ್ಳಬೇಕು. ಆಯಿಯ ಪಿಂಚಣಿ ಯಾಕೆ ನಿಂತಿದೆ ಅಂತ ವಿಚಾರಿಸಬೇಕು. ಬೀಗ ಹಾಕಿದ್ದ ನಾಲ್ಕು ಮನೆಗೆ ಫೋನ್ ಮಾಡಬೇಕು, ಎರಡು ನಂಬರು ಸಿಕ್ಕಿವೆ. ಫೆಬ್ರವರಿ ಹಾಳೆಯಲ್ಲಿ ಗೆರೆ ಎಳೆದು ಕೊನೆಗೆ ಒಂದು ಅಗಲ ಖಾನೆ ಬಿಟ್ಟಿದ್ದೇನೆ, ಮುತ್ಯಾ ಬಿಡುತ್ತಿದ್ದ ಹಾಗೆ. ಅದರಲ್ಲಿ ಮೊದಲು ಬರೆದದ್ದು ಆಯಿಯ ಹೆಸರಿನ ಮುಂದೆ: ಜೋಳ, ಒಂದು ಡಬ್ಬಿ. ಮೊಣಕಾಲು ನೋವಿಲ್ಲ.